ಒಂದೂಮುಕ್ಕಾಲು ಮೊಳದ ಲೆಕ್ಕ

ಪಹಣಿ ಕೈಗೆ ಬಂದರೆ ರೈತನ ಕಣ್ಣು ಮೊದಲು ಹುಡುಕುವುದು ತನ್ನ ಹೆಸರನ್ನು. ಆಮೇಲೆ ಎಕರೆ-ಗುಂಟೆ. ಆಮೇಲೆ, ಸಾಲ ತೀರಿಸಿ ಎಷ್ಟೋ ದಿನವಾದರೂ ಬ್ಯಾಂಕಿನ ಹೆಸರು ಅಲ್ಲೇ ಕೂತಿದೆಯೋ ಎಂದು ಋಣದ ಕಲಮು. ಇವುಗಳ ನಡುವೆ ಯಾರೂ ಓದದ ಎರಡು ಸಣ್ಣ ನಮೂದುಗಳಿರುತ್ತವೆ. ಒಂದು ‘ಮಣ್ಣಿನ ನಮೂನೆ’, ಇನ್ನೊಂದು ಕಂದಾಯದ ಅಂಕಿ. ಖುಷ್ಕಿ ಜಮೀನಾದರೆ ಆ ಮೊತ್ತದಲ್ಲಿ ಇವತ್ತು ಒಂದು ಹೊತ್ತಿನ ಊಟವೂ ಬರುವುದಿಲ್ಲ. ಆದರೆ ಆ ಅಂಕಿಯ ಮೂಲ ಹುಡುಕುತ್ತ ಹಿಂದೆ ಹೋದರೆ, ನೂರೈವತ್ತು ವರ್ಷಗಳಾಚೆ ಒಬ್ಬ ಗುಮಾಸ್ತ ಸಿಗುತ್ತಾನೆ. ಹೊಲದಲ್ಲಿ ಹಾರೆ ಹಾಕಿಸಿ, ಮಣ್ಣನ್ನು ಬೆರಳಲ್ಲಿ ಹಿಸುಕಿ, ಆಳವನ್ನು ಮೊಳದಲ್ಲಿ ಅಳೆದು, ಈ ನೆಲ ಹದಿನಾರಾಣೆಯಲ್ಲಿ ಇಷ್ಟಾಣೆಯದು ಎಂದು ದರ್ಜೆ ಕಟ್ಟಿದವನು ಅವನು.

ಆ ದರ್ಜೆ ಜೋಳಕ್ಕೆ, ಕಡಲೆಗೆ, ಹತ್ತಿಗೆ ಬಹುಮಟ್ಟಿಗೆ ಸರಿಯಾಗಿತ್ತು. ಹಣ್ಣಿನ ಗಿಡ ಮಾತ್ರ ಅದನ್ನು ಒಪ್ಪಲಿಲ್ಲ. ಹದಿನಾರಾಣೆಯ ಎರೆಯಲ್ಲಿ ಹಳದಿಗಟ್ಟಿ ನಿಂತ ತೋಟಗಳೂ ಎರಡಾಣೆಯ ಮಡ್ಡಿಯಲ್ಲಿ ಕೊಂಬೆ ಬಾಗುವಷ್ಟು ಕಾಯಿ ಹೊತ್ತ ದಾಳಿಂಬೆಯೂ ಇದೇ ನಾಡಿನಲ್ಲಿವೆ. ಮಣ್ಣಿಗೆ ಬೆಲೆ ಕಟ್ಟಿದವರ ಚರಿತ್ರೆಯನ್ನು ಅರಮನೆ, ಕಚೇರಿಗಳ ಕಡೆಯಿಂದ ಹೇಳುವುದು ರೂಢಿ. ತೋಟದ ಬೇಲಿಯ ಕಡೆಯಿಂದ ನೋಡಿದರೆ ಅದು ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಮಣ್ಣನ್ನು ಪರೀಕ್ಷಿಸುವ ಗೀಳು ಬಹಳ ಹಳೆಯದು. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಮನೆ ಕಟ್ಟುವ ನೆಲಕ್ಕೆ ಒಂದು ಪರೀಕ್ಷೆ ಹೇಳುತ್ತಾನೆ. ಒಂದು ಮೊಳದ ಗುಂಡಿ ತೋಡಿ, ಅದೇ ಮಣ್ಣನ್ನು ವಾಪಸು ತುಂಬಬೇಕು. ಮಣ್ಣು ಮಿಕ್ಕರೆ ನೆಲ ಒಳ್ಳೆಯದು, ಸಾಲದೆ ಬಂದರೆ ಕೆಟ್ಟದ್ದು. ಇಲ್ಲವೇ ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಹಿಂತಿರುಗಬೇಕು. ನೀರು ಇಳಿಯದೆ ಹಾಗೇ ನಿಂತಿದ್ದರೆ ಮನೆಗೆ ಪ್ರಶಸ್ತ. ಇದೇ ಗುಂಡಿಯನ್ನು ನಿಂಬೆ ನೆಡುವವನು ತೋಡಿದ್ದರೆ ಫಲಿತಾಂಶವನ್ನು ತಲೆಕೆಳಗಾಗಿ ಓದಬೇಕಿತ್ತು. ನೀರು ಇಂಗದ ನೆಲದಲ್ಲಿ ನಿಂಬೆಯ ಬೇರು ಕೊಳೆಯುತ್ತದೆ. ಮರಗಳಿಗೆ ಬೇಕಾದ ನೆಲ ಬೇರೆ ಎಂಬುದು ವರಾಹಮಿಹಿರನಿಗೂ ಗೊತ್ತಿತ್ತು. ಎಲ್ಲ ಮರಕ್ಕೂ ಮೆದು ನೆಲ ಹಿತ, ಅಲ್ಲಿ ಮೊದಲು ಎಳ್ಳು ಬಿತ್ತಿ, ಅದು ಹೂ ಬಿಟ್ಟಾಗ ಮಣ್ಣಿಗೇ ಸೇರಿಸಬೇಕು ಎನ್ನುತ್ತಾನೆ. ಇಂದಿನ ಹಸಿರೆಲೆ ಗೊಬ್ಬರದ ಪಾಠ ಇದಕ್ಕಿಂತ ಬಹಳ ದೂರವೇನಿಲ್ಲ. ಕನ್ನಡದಲ್ಲಿ 1025ರಲ್ಲಿ ‘ಲೋಕೋಪಕಾರ’ ಬರೆದ ಚಾವುಂಡರಾಯ, ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಇನ್ನೊಬ್ಬ. ಅವನು ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿದ್ಯೆಗೂ ವೃಕ್ಷಾಯುರ್ವೇದಕ್ಕೂ ತನ್ನ ಗ್ರಂಥದಲ್ಲಿ ಜಾಗ ಕೊಟ್ಟಿದ್ದಾನೆ.

ಪುಸ್ತಕ ಓದದವರಿಗೆ ಪುಸ್ತಕದ ಅಗತ್ಯವೂ ಇರಲಿಲ್ಲ. ಒದ್ದೆ ಮಣ್ಣಿನ ಉಂಡೆ ಕಟ್ಟಿ ಎತ್ತರದಿಂದ ಬೀಳಿಸಿ ನೋಡುವುದು, ಜೇಕು ಬೆಳೆದಿದ್ದರೆ ಅಡಿಯಲ್ಲಿ ನೀರು ನಿಲ್ಲುತ್ತದೆಂದು ತಿಳಿಯುವುದು, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಟ್ಟು ಎದ್ದರೆ ಚೌಳು ಎಂದು ದೂರ ಸರಿಯುವುದು, ಅನುಮಾನವಿದ್ದರೆ ಚಿಟಿಕೆ ಮಣ್ಣನ್ನು ನಾಲಿಗೆಗೆ ತಾಗಿಸುವುದು, ಇವು ಯಾರೂ ಕಲಿಸದೆ ಬಂದವು. ಹೆಸರುಗಳಲ್ಲೇ ಅರ್ಧ ವಿಜ್ಞಾನವಿತ್ತು. ಹಳೇ ಮೈಸೂರಿನ ಕಡೆ ಎರೆ, ಕೆಬ್ಬೆ, ಕೆಮ್ಮಣ್ಣು, ಗೋಡು, ಜೇಡಿ. ಉತ್ತರದ ಬಯಲಲ್ಲಿ ಎರಿ, ಮಸಾರಿ, ಮಡ್ಡಿ, ಗರಸು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಊರೂರಿನ ರೈತರಿಂದ ಇಂಥ ಹೆಸರುಗಳನ್ನು ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅವು ಇಂಗ್ಲಿಷ್ ಕಾಗುಣಿತದಲ್ಲಿ ಮುಖ ಸೊಟ್ಟ ಮಾಡಿಕೊಂಡು ಕೂತಿವೆ. ಗಟ್ಟಿಯಾಗಿ ಓದಿದರೆ ಗುರುತು ಸಿಗುತ್ತದೆ.

ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಕರ್ನಾಟಕದ ಭೂಕಂದಾಯ ಚರಿತ್ರೆಯಲ್ಲಿ ದೊಡ್ಡ ಹೆಸರು. 17ನೇ ಶತಮಾನದ ನಡುವಿನ ಮಾತು. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿದ ಎಂಬುದಷ್ಟೇ ಆಗಿದ್ದರೆ ಅದರಲ್ಲಿ ವಿಶೇಷವಿಲ್ಲ, ತರಗತಿ ಯಾರು ಬೇಕಾದರೂ ಮಾಡಬಹುದು. ವಿಶೇಷವಿರುವುದು ಅವನು ಅದಕ್ಕೆ ಹೋದ ದಾರಿಯಲ್ಲಿ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಒಂದು ಹೊಲವನ್ನು ಹಿಡಿದು, 12 ವರ್ಷ ಎಡೆಬಿಡದೆ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಇಷ್ಟನ್ನೂ ಬರೆಸಿದನೆಂದು ಗೆಜೆಟಿಯರುಗಳು ಹೇಳುತ್ತವೆ. 12 ವರ್ಷವೆಂದರೆ ಅದರಲ್ಲಿ ಒಳ್ಳೆಯ ಮಳೆಯೂ ಬರುತ್ತದೆ, ಬರವೂ ಬರುತ್ತದೆ. ಸರಾಸರಿ ಅಲ್ಲಿಂದ ತೆಗೆದ. ಇಂದಿನ ಕೃಷಿ ಸಂಶೋಧನೆಯ ಯೋಜನೆಗಳಿಗೆ 3 ವರ್ಷದ ಮೇಲೆ ಹಣ ಸಿಗುವುದೇ ಕಷ್ಟವೆಂಬುದನ್ನು ನೆನೆದರೆ ಈ ತಾಳ್ಮೆ ದೊಡ್ಡದು.

ತೋಟಕ್ಕೆ ಬಂದಾಗ ಶಿವಪ್ಪನಾಯಕ ಮಣ್ಣಿನ ಮಾತನ್ನೇ ಬಿಟ್ಟ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಾಗಿಲ ಕಲ್ಲುಮೆಟ್ಟಿಲಿನಷ್ಟು ಉದ್ದದ ಒಂದು ಕೋಲು ಮಾಡಿಸಿದ. ಇಂಗ್ಲಿಷ್ ಅಳತೆಯಲ್ಲಿ ಅದು 18 ಅಡಿ 6 ಅಂಗುಲ. ಅದರಿಂದ ತೋಟ ಅಳೆದು, ಒಂದು ಮರಕ್ಕೆ ಇಷ್ಟು ಜಾಗವೆಂದು ‘ದಾಯ’ದ ಲೆಕ್ಕ ಹಿಡಿದು, ಸಾವಿರ ದಾಯಕ್ಕೆ ಆ ತೋಟದ ವಾಡಿಕೆಯ ಇಳುವರಿ ನೋಡಿ ತೆರಿಗೆ ಕಟ್ಟಿದ. ಅಡಕೆಯ ನಾಡಿನವನಿಗೆ ಗೊತ್ತಿದ್ದ ಸತ್ಯವದು. ಹೊಲದ ಮಣ್ಣನ್ನು ಮುಟ್ಟಿ ಬೆಳೆಯನ್ನು ಊಹಿಸಬಹುದು. ಮರದ ವಿಷಯದಲ್ಲಿ ಮರವನ್ನೇ ಕೇಳಬೇಕು.

ನೆಲವನ್ನು ಕೇಳದೆ ಲೆಕ್ಕ ಕಟ್ಟಬಾರದೆಂಬ ಪಾಠವನ್ನು ಬ್ರಿಟಿಷರು ಕಲಿಯಲು ಒಂದು ಸೀಮೆಯನ್ನೇ ಹಾಳು ಮಾಡಬೇಕಾಯಿತು. ಪೇಶ್ವೆಯರ ರಾಜ್ಯ ಕೈಸೇರಿದ ಮೇಲೆ, 1820ರ ದಶಕದಲ್ಲಿ, ಆರ್. ಕೆ. ಪ್ರಿಂಗಲ್ ಎಂಬ ಅಧಿಕಾರಿ ದಖ್ಖನ್ನಿನ ಅಳತೆಗಿಳಿದ. ವಿಲಾಯಿತಿಯ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಬಂದವನು, ರಿಕಾರ್ಡೋನ ಗೇಣಿ ಸಿದ್ಧಾಂತ ತಲೆಯಲ್ಲಿ ತುಂಬಿಕೊಂಡವನು. ಒಂದೊಂದು ಬಗೆಯ ನೆಲದ ಬೆಳೆ, ಅದರ ಬೆಲೆ, ಸಾಗುವಳಿಯ ವೆಚ್ಚ ಎಲ್ಲ ಲೆಕ್ಕ ಹಾಕಿ, ನಿವ್ವಳ ಉತ್ಪನ್ನದ ಶೇಕಡಾ 55 ಸರ್ಕಾರಕ್ಕೆ ಎಂದ. ಕಾಗದದ ಮೇಲೆ ಸುಂದರವಾದ ಲೆಕ್ಕ. ಆದರೆ ಅಂಕಿ ಕೊಟ್ಟವರು ಕೆಳಗಿನ ನೌಕರರು, ಅವರಿಗೆ ಅದು ಬಂದದ್ದು ಅಂದಾಜಿನಿಂದ, ಹಲವು ಸಲ ಲಂಚದಿಂದ. ತೆರಿಗೆ ಹೊರಲಾರದೆ ರೈತರು ಊರು ಬಿಟ್ಟರು, ಹಲವರು ಗಡಿ ದಾಟಿ ನಿಜಾಮನ ಸೀಮೆಗೆ ಹೋದರು, ಹೊಲಗಳು ಬೀಳುಬಿದ್ದವು.

ಆ ಅವಶೇಷದ ಮೇಲೆ ಬಂದವರು ಎಚ್. ಇ. ಗೋಲ್ಡ್‌ಸ್ಮಿಡ್ ಎಂಬ ಸಿವಿಲ್ ಅಧಿಕಾರಿ ಮತ್ತು ಜಾರ್ಜ್ ವಿಂಗೇಟ್ ಎಂಬ ಎಂಜಿನಿಯರ್ ಸೈನ್ಯಾಧಿಕಾರಿ. 1835-36ರಲ್ಲಿ ಪುಣೆ ಸೀಮೆಯ ಇಂದಾಪುರ ತಾಲ್ಲೂಕಿನಲ್ಲಿ ಅವರ ಪ್ರಯೋಗ ಶುರುವಾಯಿತು. ನಿವ್ವಳ ಉತ್ಪನ್ನದ ಗೊಡವೆಯೇ ಬೇಡವೆಂದರು. ಹೊಲಕ್ಕೂ ಹೊಲಕ್ಕೂ ಇರುವ ತರತಮ ಗೊತ್ತಾದರೆ ಸಾಕು, ಅದಕ್ಕೆ ಹಾರೆ ಹಿಡಿದು ಅಗೆದು ನೋಡಿದರಾಯಿತು. ಈ ಪದ್ಧತಿಗೆ 1847ರ ಜಂಟಿ ವರದಿಯಲ್ಲಿ ಪೂರ್ಣರೂಪ ಬಂತು. ವಿಂಗೇಟ್ ಅದನ್ನು ಧಾರವಾಡ ಸೀಮೆಗೂ ತಂದ. 1863ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿಯ ಮಾದರಿಯಲ್ಲೇ ಸರ್ವೆ ಇಲಾಖೆ ತೆರೆಯಿತು.

ಆ ಜಂಟಿ ವರದಿಯ ದರ್ಜೆ ಕೋಷ್ಟಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಣ್ಣಿಗೆ ಮೂರೇ ವರ್ಗ. ಮೊದಲನೆಯದು ನುಣುಪಾದ, ಕಡುಕಪ್ಪಿನಿಂದ ಕಂದಿನವರೆಗಿನ ಮಣ್ಣು. ಎರಡನೆಯದು ಅದಕ್ಕಿಂತ ಒರಟಾದ, ಹೆಚ್ಚಾಗಿ ಕೆಂಪಗಿರುವ ಮಣ್ಣು. ಮೂರನೆಯದು ಹರಳು ಬೆರೆತ, ಸಡಿಲವಾದ, ಬೂದು ಬಣ್ಣದ ಮಣ್ಣು. ಆಳವನ್ನು ಕಾಲು ಮೊಳ, ಅರೆ ಮೊಳ, ಮುಕ್ಕಾಲು ಮೊಳ ಎಂದು ಏರಿಸುತ್ತ ಹೋಗಿ ಒಂದೂಮುಕ್ಕಾಲು ಮೊಳಕ್ಕೆ ನಿಲ್ಲಿಸಿದ್ದಾರೆ. ಇಂದಿನ ಅಳತೆಯಲ್ಲಿ ಅದು ಸುಮಾರು 80 ಸೆಂಟಿಮೀಟರ್. ಅದರಾಚೆಗಿನ ಮಣ್ಣು ಬೆಳೆಯ ಮೇಲೆ ಪರಿಣಾಮ ಬೀರುವುದಿಲ್ಲವೆಂಬುದು ಅವರ ತೀರ್ಮಾನ. ಒಂದೂಮುಕ್ಕಾಲು ಮೊಳದ ಕಪ್ಪು ಮಣ್ಣಿಗೆ 16 ಆಣೆ. ಅಷ್ಟೇ ಆಳದ ಕೆಂಪು ಮಣ್ಣಿಗೆ 14. ಹರಳು ಮಣ್ಣು ಏನೇ ಮಾಡಿದರೂ 6 ಆಣೆ ದಾಟುವಂತಿರಲಿಲ್ಲ, ಕಾಲು ಮೊಳವಷ್ಟೇ ಇದ್ದರೆ 2 ಆಣೆ. ಹೀಗೆ ಒಟ್ಟು ಒಂಬತ್ತು ದರ್ಜೆ.

ಇಷ್ಟಕ್ಕೆ ಮುಗಿಯಲಿಲ್ಲ. ಕ್ಲಾಸರ್ ಎನಿಸಿಕೊಂಡ ಆ ಗುಮಾಸ್ತ ಪ್ರತಿ ಸರ್ವೆ ನಂಬರನ್ನು ಕಾಗದದ ಮೇಲೆ ಚೌಕಗಳಾಗಿ ಹಂಚಿ, ಒಂದೊಂದು ಚೌಕದಲ್ಲೂ ಅಗೆಸಿ, ಆಳ ಮತ್ತು ದರ್ಜೆಯನ್ನು ಅಲ್ಲೇ ಬರೆಯುತ್ತಿದ್ದ. ಜೊತೆಗೆ ಏಳು ದೋಷಗಳಿಗೆ ಏಳು ಗುರುತು. ಸುಣ್ಣಕಲ್ಲಿನ ಹರಳಿದ್ದರೆ ಮೂರು ಚುಕ್ಕಿ, ಮರಳು ಬೆರೆತಿದ್ದರೆ ಒಂದು ಗುರುತು, ಇಳಿಜಾರಿಗೆ ಓರೆಗೀಟು, ಹಳ್ಳದ ನೀರು ಮೇಲೆ ಹರಿಯುವುದಾದರೆ ಒಂದು ಅಲೆ, ಒರತೆಯ ತೇವ ಹೆಚ್ಚಿದ್ದರೆ ಒಂದು ಸೊನ್ನೆ. ಅಂಟಿಲ್ಲದ ಮಣ್ಣಿಗೂ ನೀರು ಇಳಿಯದ ಮಣ್ಣಿಗೂ ಬೇರೆ ಬೇರೆ ಗುರುತು. ಒಂದು ದೋಷಕ್ಕೆ ಒಂದು ದರ್ಜೆ ಕಡಿತ. ಪ್ರಯೋಗಾಲಯವಿಲ್ಲ, ತಕ್ಕಡಿಯಿಲ್ಲ, ಹಾರೆ ಮತ್ತು ಕಣ್ಣಷ್ಟೇ. ವಸಾಹತು ಸರ್ಕಾರದ ಬಗ್ಗೆ ಏನೇ ಹೇಳಬಹುದು, ಈ ಕೋಷ್ಟಕ ಮಾಡಿದವರು ಹೊಲಕ್ಕಿಳಿದು ಮಣ್ಣು ಮುಟ್ಟಿದವರು ಎಂಬುದನ್ನು ಒಪ್ಪಬೇಕು.

ಒಪ್ಪಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಇದು ತೆರಿಗೆ ಹಂಚಲು ಮಾಡಿದ ಕೋಷ್ಟಕ. ಖುಷ್ಕಿಯಲ್ಲಿ ಬೆಳೆಯುತ್ತಿದ್ದುದು ಆರು ತಿಂಗಳೊಳಗೆ ಮನೆ ಸೇರುವ ಬೆಳೆಗಳು. ಹೆಚ್ಚು ನೀರು ಹಿಡಿದಿಡುವ ಮಣ್ಣೇ ಅವಕ್ಕೆ ದೊಡ್ಡದು. ವಿಜಯಪುರದ ಹಿಂಗಾರಿ ಜೋಳ ಬಿತ್ತನೆಯಾದ ಮೇಲೆ ಒಂದು ಹನಿ ಮಳೆ ಕಾಣದೆಯೂ, ಎರೆಯ ಹೊಟ್ಟೆಯಲ್ಲಿರುವ ತೇವದಲ್ಲೇ ತೆನೆ ಕಟ್ಟುತ್ತದೆ. ಅಂಥ ಮಣ್ಣಿಗೆ ಹದಿನಾರಾಣೆ ಕೊಟ್ಟದ್ದು ನ್ಯಾಯವೇ. ಬಾವಿ ನೀರಿನ ಬಾಗಾಯ್ತಿಗೆ ಬೇರೆ ಲೆಕ್ಕವಿತ್ತು, ಆದರೆ ಅಲ್ಲಿ ತೂಗಿದ್ದು ಬಾವಿಯ ನೀರನ್ನು. ಹಣ್ಣಿನ ಬೇರಿಗೆ ಅಡಿಯಲ್ಲಿ ಏನು ಬೇಕು ಎಂದು ಕೇಳುವ ಅಂಕಣ ಅದರಲ್ಲಿರಲಿಲ್ಲ.

ಎರೆ ಮಣ್ಣಿನ ಗುಣವೇ ಅದರ ದೋಷ. ಅದರಲ್ಲಿ ಜೇಡಿ ಅರ್ಧಕ್ಕರ್ಧ ಇರುತ್ತದೆ. ನೀರು ಬಿದ್ದರೆ ಉಬ್ಬುತ್ತದೆ, ಕಣಗಳ ನಡುವಿನ ಸಂದು ಮುಚ್ಚುತ್ತದೆ, ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಟ್ಟು ಎಳೆಬೇರುಗಳನ್ನು ಹರಿಯುತ್ತದೆ. ಜೋಳಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಅದು ಬಂದು ಹೋಗುವ ಅತಿಥಿ. ಇಪ್ಪತ್ತು ವರ್ಷ ಅಲ್ಲೇ ಬಾಳಬೇಕಾದ ಗಿಡದ ಮಾತು ಬೇರೆ.

ಎರಡನೆಯ ದೋಷ ಸುಣ್ಣ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಸುಣ್ಣ ಪೂರ್ತಿ ತೊಳೆದುಹೋಗುವುದಿಲ್ಲ. ನೀರಿನೊಂದಿಗೆ ಒಂದಷ್ಟು ಆಳಕ್ಕೆ ಇಳಿದು ಅಲ್ಲೇ ಹರಳಾಗಿ, ಕೆಲವೆಡೆ ಪದರವಾಗಿ ಕೂರುತ್ತದೆ. ಆ ಪದರ ಮೂರಡಿಯ ಕೆಳಗಿದ್ದರೆ ಕ್ಲಾಸರನ ಹಾರೆಗೆ ಸಿಗುವುದಿಲ್ಲ, ಗಿಡದ ಬೇರಿಗೆ ಸಿಗುತ್ತದೆ. ನೆಟ್ಟ ಮೊದಲ ಕೆಲವು ವರ್ಷ ನಿಂಬೆಯೋ ದ್ರಾಕ್ಷಿಯೋ ಹಸಿರಾಗಿ ಬರುತ್ತದೆ, ನೋಡಿದವರು ಮಣ್ಣನ್ನು ಹೊಗಳುತ್ತಾರೆ. ಬೇರು ಸುಣ್ಣವನ್ನು ಮುಟ್ಟಿದ ಮೇಲೆ ಎಳೆ ಎಲೆ ಹಳದಿಯಾಗತೊಡಗುತ್ತದೆ, ನರಗಳು ಮಾತ್ರ ಹಸಿರಾಗಿಯೇ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣವಿದೆ, ಬೇಕಾದಷ್ಟಿದೆ. ಆದರೆ ಸುಣ್ಣದ ಕ್ಷಾರದಲ್ಲಿ ಅದು ಕರಗದು, ಬೇರಿನ ಕೈಗೆ ಬಾರದು. ಗೊಬ್ಬರದಂಗಡಿಯವನು ಇನ್ನಷ್ಟು ಗೊಬ್ಬರ ಬರೆದುಕೊಡುತ್ತಾನೆ. ಗಿಡ ಇನ್ನಷ್ಟು ಹಳದಿಯಾಗುತ್ತದೆ.

ಕೊಡಗಿಗೆ ಹೋದರೆ ಇದೇ ಕತೆ ಉಲ್ಟಾ. ಅಲ್ಲಿ ಮಳೆ ಸುಣ್ಣವನ್ನು ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ, ಕಾಫಿ ಮತ್ತು ಕಿತ್ತಳೆಯ ತೋಟಕ್ಕೆ ಬೆಳೆಗಾರರು ಹಣ ಕೊಟ್ಟು ಸುಣ್ಣ ತಂದು ಹಾಕುತ್ತಾರೆ. ವಿಂಗೇಟನ ಕೋಷ್ಟಕದಲ್ಲಿ ಮೂರು ಚುಕ್ಕಿಯ ದೋಷವಾಗಿದ್ದದ್ದು ಮಡಿಕೇರಿಯಲ್ಲಿ ಮದ್ದು.

ಎರೆಯ ನೆಲದಲ್ಲಿ ದ್ರಾಕ್ಷಿ ಬೆಳೆದವರು ಕೊನೆಗೆ ಮಣ್ಣನ್ನು ಬದಲಿಸುವ ಹಟ ಬಿಟ್ಟು ಬೇರನ್ನೇ ಬದಲಿಸಿದರು. ಮೊದಲೆಲ್ಲ ಥಾಮ್ಸನ್ ಸೀಡ್‌ಲೆಸ್ ಬಳ್ಳಿಯ ಕಡ್ಡಿಯನ್ನೇ ನೇರವಾಗಿ ನೆಡುತ್ತಿದ್ದರು. ಬೋರ್‌ವೆಲ್ ಆಳಕ್ಕಿಳಿದಂತೆ ನೀರು ಸವುಳಾಯಿತು, ಮಣ್ಣಿನಲ್ಲಿ ಉಪ್ಪು ಏರಿತು, ಬಳ್ಳಿಗಳು ಸೊರಗಿದವು. 1990ರ ದಶಕದಿಂದೀಚೆಗೆ ಮಹಾರಾಷ್ಟ್ರದಲ್ಲೂ ವಿಜಯಪುರದ ಕಡೆಯಲ್ಲೂ ‘ಡಾಗ್‌ರಿಜ್’ ಬೇರುಸಸಿ ಹಬ್ಬಿತು. ಅದು ಅಮೆರಿಕದ ಟೆಕ್ಸಾಸ್ ಸೀಮೆಯ ಕಾಡುದ್ರಾಕ್ಷಿಯ ಕುಲದ್ದು, ಬರವನ್ನೂ ಉಪ್ಪನ್ನೂ ತಡೆಯುವ ಜಾತಿ. ಬೇಸಿಗೆಗೆ ಮುಂಚೆ ಡಾಗ್‌ರಿಜ್ ನೆಟ್ಟು, ಅದು ಬೇರು ಬಿಟ್ಟ ಮೇಲೆ ಅದೇ ವರ್ಷ ಮಳೆಗಾಲದ ಕೊನೆಗೆ ತಮಗೆ ಬೇಕಾದ ತಳಿಯ ಕಸಿ ಕಟ್ಟುವುದು ಈಗ ಟಿಕೋಟಾ ಕಡೆಯ ಹುಡುಗರಿಗೂ ಗೊತ್ತಿರುವ ಕೆಲಸ. ಅಲ್ಲಿನ ಒಣದ್ರಾಕ್ಷಿಯ ಕಾಳುಗಳ ಸಿಹಿ ಬರುವುದು ಪರದೇಶದ ಬೇರಿನ ಮೂಲಕ.

ದಾಳಿಂಬೆಯ ಕತೆ ಇನ್ನೂ ಸ್ವಾರಸ್ಯದ್ದು. ದಾಳಿಂಬೆ ಬೆಳೆಗಾರನಿಗೆ ಬೇಕಾದದ್ದು ಗಿಡವನ್ನು ತನ್ನ ಮಾತಿಗೆ ಹೂ ಬಿಡಿಸುವುದು. ಅದಕ್ಕೆ ‘ಬಹಾರ್ ಹಿಡಿಯುವುದು’ ಎನ್ನುತ್ತಾರೆ. ಮೃಗ ಬಹಾರ್, ಹಸ್ತ ಬಹಾರ್, ಅಂಬೆ ಬಹಾರ್ ಎಂದು ವರ್ಷಕ್ಕೆ ಮೂರು ಅವಕಾಶ. ಒಂದೆರಡು ತಿಂಗಳು ನೀರು ಪೂರ್ತಿ ನಿಲ್ಲಿಸಿದರೆ ಗಿಡ ಬಾಡಿ ಎಲೆ ಉದುರಿಸುತ್ತದೆ. ಆಗ ಸವರಿ, ಗೊಬ್ಬರ ಕೊಟ್ಟು, ನೀರು ಬಿಟ್ಟರೆ ತೋಟವೆಲ್ಲ ಒಟ್ಟಿಗೆ ಹೂವಾಗುತ್ತದೆ, ಕಾಯಿ ಒಟ್ಟಿಗೆ ಕೊಯ್ಲಿಗೆ ಬರುತ್ತದೆ. ಈ ಆಟ ಹದಿನಾರಾಣೆಯ ಎರೆಯಲ್ಲಿ ನಡೆಯುವುದಿಲ್ಲ. ನೀರು ನಿಲ್ಲಿಸಿದರೂ ಮಣ್ಣು ತನ್ನ ಹೊಟ್ಟೆಯಿಂದ ತೇವ ಕೊಡುತ್ತಲೇ ಇರುತ್ತದೆ, ತಾಯಿ ಕದ್ದುಮುಚ್ಚಿ ಮಗನಿಗೆ ಊಟ ಹಾಕಿದ ಹಾಗೆ. ಎಲೆ ಉದುರುವುದಿಲ್ಲ, ಹೂ ಅಲ್ಲೊಂದು ಇಲ್ಲೊಂದು. ಹರಳು ಮಣ್ಣಿನಲ್ಲಾದರೆ ಕೊಳಾಯಿ ಮುಚ್ಚಿದ ಕೆಲವು ದಿನಗಳಲ್ಲೇ ಗಿಡಕ್ಕೆ ಸುದ್ದಿ ಮುಟ್ಟುತ್ತದೆ.

ಹೀಗೆ ಹನಿ ನೀರಾವರಿಯ ಪೈಪು ಬಂದ ಮೇಲೆ 2 ಆಣೆ, 3 ಆಣೆಯ ಮಡ್ಡಿಗಳು ತಲೆಯೆತ್ತಿದವು. ಸೊಲ್ಲಾಪುರದ ಸಾಂಗೋಲೆಯಿಂದ ಕೊಪ್ಪಳದ ಕುಷ್ಟಗಿಯವರೆಗೆ, ಕುರಿ ಮೇಯಿಸಲು ಬಿಟ್ಟಿದ್ದ ನೆಲದಲ್ಲಿ ದಾಳಿಂಬೆ ನಿಂತಿತು. ಹೊಸ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಬಂದು ಬಹಳಷ್ಟು ತೋಟ ಬೋಳಾಯಿತು ಎಂಬುದು ನಿಜ, ಆ ಪಾಪ ಮಣ್ಣಿನದಲ್ಲ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ತಮ್ಮ ಮೊದಲ ಹಾರೆ ಹಾಕಿಸಿದ ಇಂದಾಪುರ ತಾಲ್ಲೂಕೂ ಇವತ್ತು ದಾಳಿಂಬೆ, ದ್ರಾಕ್ಷಿ ಬೆಳೆಯುವ ಸೀಮೆಯೇ. ಮಾವಿಗೆ ಹೆಸರಾದ ಶ್ರೀನಿವಾಸಪುರ ನಿಂತಿರುವುದೂ ಕೆಮ್ಮಣ್ಣಿನ ಮೇಲೆ, ಆ ಕೋಷ್ಟಕದ ಎರಡನೇ ವರ್ಗದಲ್ಲಿ.

ಇನ್ನು ರಸಾಯನಶಾಸ್ತ್ರದ ಪ್ರವೇಶ. 1889ರಲ್ಲಿ ಇಂಗ್ಲೆಂಡಿನ ಕೃಷಿ ರಸಾಯನಜ್ಞ ಜೆ. ಎ. ವೋಲ್ಕರ್ ಭಾರತ ಸುತ್ತಲು ಬಂದ. ಇಲ್ಲಿನ ರೈತನಿಗೆ ಏನೂ ಗೊತ್ತಿಲ್ಲವೆಂಬ ಮಾತನ್ನು ಒಪ್ಪದೆ 1893ರಲ್ಲಿ ವರದಿ ಕೊಟ್ಟ. ಅವನ ಹಿಂದೆಯೇ ಬಂದ ಜೆ. ಡಬ್ಲ್ಯೂ. ಲೆದರ್ ಭಾರತ ಸರ್ಕಾರದ ಮೊದಲ ಕೃಷಿ ರಸಾಯನಜ್ಞ. ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ಶಾಲೆಯ ಪುಸ್ತಕದಲ್ಲಿ ಇಂದಿಗೂ ಮಕ್ಕಳು ಬಾಯಿಪಾಠ ಮಾಡುವ ವಿಂಗಡಣೆಗೆ ತಳಪಾಯ ಹಾಕಿದವನು. ಮೈಸೂರಿನಲ್ಲಿ 1899ರಲ್ಲಿ ಮಹಾರಾಣಿ ರೀಜೆಂಟ್ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ತೆರೆಸಿದರು. ಪ್ರಯೋಗಾಲಯದ ಹೊಣೆ ಜರ್ಮನ್ ಮೂಲದ ಡಾ. ಲೇಮನ್ ಅವರದು. ಯಾವ ಮಣ್ಣಿಗೆ ಏನು ಹಾಕಿದರೆ ಬೆಳೆ ಹೇಗೆ ಸ್ಪಂದಿಸುತ್ತದೆ ಎಂಬುದೇ ಅಲ್ಲಿನ ಮೊದಲ ಕೆಲಸ. ಇಂದಿನ ಕೃಷಿ ವಿಶ್ವವಿದ್ಯಾಲಯ ತನ್ನ ಬೇರನ್ನು ಅಲ್ಲಿಂದಲೇ ಗುರುತಿಸಿಕೊಳ್ಳುತ್ತದೆ.

ಗಾಜಿನ ಕೊಳವೆ ಕಾಣದ್ದನ್ನು ಕಂಡಿತು. ರಂಜಕವೆಷ್ಟು, ಪೊಟ್ಯಾಷ್ ಎಷ್ಟು, ಹುಳಿಯೆಷ್ಟು, ಉಪ್ಪೆಷ್ಟು. ಕಂಡ ಸಂಭ್ರಮದಲ್ಲಿ ಒಂದು ವಸ್ತು ಕಳೆದುಹೋಯಿತು: ಆಳ. 1955-56ರಲ್ಲಿ ಅಮೆರಿಕದ ಸಹಕಾರದೊಂದಿಗೆ ದೇಶದಲ್ಲಿ ಮಣ್ಣು ಪರೀಕ್ಷಾ ಕೇಂದ್ರಗಳು ಶುರುವಾದವು. ಹೊಲದಲ್ಲಿ ‘ವಿ’ ಆಕಾರದ ಗುಂಡಿ ತೋಡಿ ಮೇಲಿನ ಆರು ಅಂಗುಲದ ಮಣ್ಣನ್ನು ಕೆರೆದು ಚೀಲಕ್ಕೆ ಹಾಕುವ ಕ್ರಮ ಮನೆಮಾತಾಯಿತು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭವಾದಾಗಲೂ ಕ್ರಮ ಅದೇ. ಚೀಟಿಯಲ್ಲಿ 12 ಅಂಶಗಳಿವೆ, ಸತು, ಬೋರಾನ್‌ವರೆಗೂ ಲೆಕ್ಕವಿದೆ. ಆದರೆ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೊಂದು ಮಾದರಿ. ಅಂದರೆ 25 ಎಕರೆಗೆ ಒಂದು ಚೀಲ. ಹಾರೆಯ ಗುಮಾಸ್ತ ಒಂದೇ ಸರ್ವೆ ನಂಬರಿನಲ್ಲಿ ಹಲವು ಕಡೆ 80 ಸೆಂಟಿಮೀಟರಿನವರೆಗೆ ಇಳಿಯುತ್ತಿದ್ದ. ಅವನ ಮೊಮ್ಮಕ್ಕಳ ಕಾಲದಲ್ಲಿ ಸರ್ಕಾರಿ ಮಣ್ಣು ಪರೀಕ್ಷೆ 15 ಸೆಂಟಿಮೀಟರಿಗೆ ನಿಂತಿತು. ರಾಗಿಗೆ ಇದು ಸಾಕು. ಮಾವಿನ ಸಸಿ ನೆಡುವವನ ಕೈಗೆ ಅದೇ ಚೀಟಿ ಕೊಡುವುದು, ತಲೆನೋವೆಂದು ಬಂದವನಿಗೆ ಉಗುರು ನೋಡಿ ಔಷಧಿ ಬರೆದ ಹಾಗೆ.

ತೋಟಗಾರಿಕೆ ವಿಜ್ಞಾನಿಗಳಿಗೆ ಇದು ತಿಳಿಯದ ವಿಷಯವಲ್ಲ. ಹಣ್ಣಿನ ತೋಟಕ್ಕೆ ಒಂದೊಂದಡಿಗೆ ಬೇರೆ ಬೇರೆಯಾಗಿ, ಮೂರಡಿಯವರೆಗೆ ಮಾದರಿ ತೆಗೆಯಬೇಕೆಂದು ಅವರ ಕೈಪಿಡಿಗಳು ಹೇಳುತ್ತವೆ. ಅದಕ್ಕಿಂತ ಮುಖ್ಯವಾಗಿ ಅವರು ಶಿವಪ್ಪನಾಯಕನ ದಾರಿಗೆ ಮರಳಿದರು, ಅವನ ಹೆಸರು ಹೇಳದೆ. ಮಣ್ಣನ್ನು ಬಿಟ್ಟು ಗಿಡವನ್ನೇ ಕೇಳುವುದು. ದ್ರಾಕ್ಷಿಯಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ 45 ದಿನಕ್ಕೆ, ಐದನೆಯ ಎಲೆಯ ತೊಟ್ಟನ್ನು ಕಿತ್ತು ಪರೀಕ್ಷೆಗೆ ಕಳಿಸುತ್ತಾರೆ. ಮುಂದಿನ ಫಸಲಿನ ಹೂಮೊಗ್ಗು ಕಣ್ಣಿನೊಳಗೆ ರೂಪುಗೊಳ್ಳುವ ಹೊತ್ತದು. ಮಣ್ಣಿನಲ್ಲಿ ಪೊಟ್ಯಾಷ್ ಎಷ್ಟಿದ್ದರೇನು, ಬಳ್ಳಿಗೆ ಎಷ್ಟು ಸಿಕ್ಕಿದೆ ಎಂಬುದನ್ನು ಆ ತೊಟ್ಟು ಹೇಳುತ್ತದೆ. ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಾಳೆಗೊಂದು, ಮಾವಿಗೊಂದು ಲಘು ಪೋಷಕಾಂಶಗಳ ಮಿಶ್ರಣ ಮಾಡಿ, ಮಣ್ಣಿಗೆ ಹಾಕದೆ ಎಲೆಗೇ ಸಿಂಪಡಿಸಲು ಹೇಳಿದ್ದರ ಹಿಂದೆಯೂ ಇದೇ ತರ್ಕವಿದೆ. ಮಣ್ಣು ಕೊಡಲಾರದ್ದನ್ನು ಎಲೆಯ ಮೂಲಕ ಕೊಡುವುದು.

ಆದರೂ ಹಾರೆಗೂ ಗಾಜಿನ ಕೊಳವೆಗೂ ಸಿಗದ ಒಂದು ಸಂಗತಿ ಮಣ್ಣಿನಲ್ಲಿದೆ ಎಂದು ನಂಜನಗೂಡು ತೋರಿಸಿತು. ಅಲ್ಲಿನ ದೇವರಸನಹಳ್ಳಿಯ ಸುತ್ತಿನ ಕಪ್ಪು ಮೆಕ್ಕಲಿನಲ್ಲಿ ಬೆಳೆದ ರಸಬಾಳೆಗೆ ಬರುವ ಕಂಪು ಬೇರೆಡೆ ಬರುವುದಿಲ್ಲವೆಂಬುದು ಹಳಬರ ಮಾತು. ಭೌಗೋಳಿಕ ಗುರುತಿನ ಮನ್ನಣೆಯೂ ಅದಕ್ಕೆ ಸಿಕ್ಕಿತು. ಮನ್ನಣೆ ಬರುವ ಹೊತ್ತಿಗೆ ತೋಟಗಳೇ ಬೆರಳೆಣಿಕೆಗೆ ಇಳಿದಿದ್ದವು. ಪನಾಮಾ ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಒಳನುಗ್ಗಿ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಎಲೆ ಹಳದಿಯಾಗಿ, ತೊಟ್ಟು ಮುರಿದು ಜೋತುಬೀಳುತ್ತದೆ, ದಿಂಡು ಸೀಳುತ್ತದೆ. ಬಾಳೆ ಕಿತ್ತೆಸೆದರೂ ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಕಾದು ಕೂರುತ್ತವೆ. ಅದೇ ನೆಲದ ಮಣ್ಣನ್ನು ಪರೀಕ್ಷೆಗೆ ಕಳಿಸಿದರೆ ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ಸರಿಯಾಗಿದೆ ಎಂದೇ ವರದಿ ಬರಬಹುದು. ಅದೇ ನೆಲದಲ್ಲಿ ಕ್ಯಾವೆಂಡಿಷ್ ಬಾಳೆ ಬಂದೀತು. ರಸಬಾಳೆಗೆ ಮಾತ್ರ ಆ ಮಣ್ಣು ಬಾಗಿಲು ಮುಚ್ಚಿದೆ.

ಕಳೆದ ದಶಕದಲ್ಲಿ ಗುಂಡಿ ತೋಡುವ ಕೆಲಸ ಮತ್ತೆ ಶುರುವಾಯಿತು. ವಿಶ್ವಬ್ಯಾಂಕಿನ ನೆರವಿನ ಸುಜಲ-3 ಜಲಾನಯನ ಯೋಜನೆಯಲ್ಲಿ, ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಕೇಂದ್ರದವರು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಜೊತೆ ಸೇರಿ ರಾಜ್ಯದ ಹಲವು ಜಿಲ್ಲೆಗಳ ಕಿರು ಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ಮಾಡಿದರು. ಆಳೆತ್ತರದ ಗುಂಡಿ, ಇಲ್ಲವೇ ಬಂಡೆ ಸಿಗುವವರೆಗೆ. ಪದರ ಪದರವಾಗಿ ಬಣ್ಣ, ಹರಳು, ಸುಣ್ಣ, ಬೇರು ನೋಡಿ, 25 ಸೆಂಟಿಮೀಟರಿಗಿಂತ ತೆಳುವಿನಿಂದ 150 ಸೆಂಟಿಮೀಟರಿಗಿಂತ ಆಳದವರೆಗೆ ದರ್ಜೆ ಕಟ್ಟಿ, ಮಾವಿಗೊಂದು, ಸಪೋಟಕ್ಕೊಂದು, ಪೇರಲಕ್ಕೊಂದು, ದಾಳಿಂಬೆಗೊಂದು ಎಂದು ಬೆಳೆಬೆಳೆಗೂ ಬೇರೆ ನಕ್ಷೆ ಬರೆದರು. ಒಂದೇ ಹೊಲ ಒಂದು ನಕ್ಷೆಯಲ್ಲಿ ಯೋಗ್ಯ, ಇನ್ನೊಂದರಲ್ಲಿ ಅಯೋಗ್ಯ. ಎಲ್ಲ ಬೆಳೆಗೂ ಒಂದೇ ಹದಿನಾರಾಣೆ ಎಂಬ ಲೆಕ್ಕ ಅಲ್ಲಿಗೆ ಮುರಿಯಿತು. ಸಸಿಗೆ ಮುಂಗಡ ಕೊಡುವ ಮುನ್ನ ತೋಟಗಾರಿಕೆ ಇಲಾಖೆಯಲ್ಲೋ ಕೃಷಿ ಇಲಾಖೆಯಲ್ಲೋ ತನ್ನ ಊರಿನ ಈ ವರದಿಯನ್ನು ಕೇಳುವ ಹಕ್ಕು ಪ್ರತಿ ರೈತನಿಗೂ ಇದೆ. ವರದಿ ಇಲ್ಲದ ಊರಿನಲ್ಲಿ ಹಾರೆಯಂತೂ ಇದ್ದೇ ಇದೆ, ನಾಲ್ಕಡಿ ಅಗೆಯುವುದಕ್ಕೆ ಒಂದು ದಿನದ ಕೂಲಿ.

ಮಣ್ಣು ಸಮೀಕ್ಷೆಯ ಆ ಬೆಂಗಳೂರು ಕೇಂದ್ರ ಇರುವುದೂ ಹೆಬ್ಬಾಳದಲ್ಲೇ. ಸಮೀಕ್ಷೆಗೆ ಅವರು ತಳಹದಿಯಾಗಿ ಹಿಡಿದದ್ದು ಸರ್ವೆ ನಂಬರುಗಳಿರುವ ಹಳ್ಳಿ ನಕ್ಷೆ. ಅದರ ಪ್ರಮಾಣ 1:7920, ಅಂದರೆ ಒಂದು ಮೈಲಿಗೆ ಎಂಟು ಅಂಗುಲ. ಹಾರೆ ಹಿಡಿದ ಗುಮಾಸ್ತನ ಕಾಲದಲ್ಲಿ ಕಂದಾಯ ಸರ್ವೆಯವರು ಊರಿನ ನಕ್ಷೆ ಬರೆದ ಅಳತೆಯೇ ಅದು.